ಹಲ್ಲು ಮೂಡುವ ಮುನ್ನ: ದಂತಕವಚದ ರಚನೆಯೂ ಮಗು ಕುಡಿಯುವ ನೀರೂ

(ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಕನ್ನಡ ಕುಟುಂಬಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪೂರ್ಣಪಾಠ)



ಏಳೆಂಟು ವರ್ಷದ ಮಕ್ಕಳ ತಾಯಂದಿರು ದಂತವೈದ್ಯರನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯಿಂದ ನನ್ನ ಮಾತನ್ನು ಆರಂಭಿಸುತ್ತೇನೆ. "ಡಾಕ್ಟರೇ, ನನ್ನ ಮಗುವಿನ ಹಾಲುಹಲ್ಲುಗಳು ಮುತ್ತಿನಂತಿದ್ದವು. ಅವು ಬಿದ್ದು ಹೊಸ ಹಲ್ಲು ಬಂದಾಗ ನೋಡಿದರೆ ಅದರ ಮೇಲೆ ಸುಣ್ಣ ಬಳಿದಂತಹ ಬಿಳಿ ಪಟ್ಟೆಗಳಿವೆ. ಈಗ ಅವು ಕಂದು ಬಣ್ಣಕ್ಕೆ ತಿರುಗುತ್ತಿವೆ. ದಿನಕ್ಕೆ ಎರಡು ಬಾರಿ ಹಲ್ಲುಜ್ಜಿಸುತ್ತೇನೆ, ಸಿಹಿತಿಂಡಿ ಕೊಡುವುದೂ ಕಡಿಮೆ. ನಾನು ಎಲ್ಲಿ ತಪ್ಪಿದೆ?"

ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಏಕೆಂದರೆ ತಾಯಿ ಕಾರಣವನ್ನು ಹುಡುಕುತ್ತಿರುವುದು ಹಲ್ಲು ಕಾಣಿಸಿಕೊಂಡ ನಂತರದ ದಿನಗಳಲ್ಲಿ. ಕಾರಣವಿರುವುದಾದರೋ ಅದಕ್ಕೂ ನಾಲ್ಕೈದು ವರ್ಷ ಹಿಂದೆ, ಆ ಹಲ್ಲು ಇನ್ನೂ ದವಡೆಯ ಮೂಳೆಯೊಳಗೆ ಅಡಗಿ ರೂಪುಗೊಳ್ಳುತ್ತಿದ್ದಾಗ. ಹಲ್ಲಿನ ಹೊರಕವಚವು ನಿರ್ಮಾಣವಾಗುವುದು ಜೀವಮಾನದಲ್ಲಿ ಒಂದೇ ಬಾರಿ, ಅದೂ ನಮ್ಮ ಕಣ್ಣಿಗೆ ಕಾಣದಂತೆ. ಆ ಕಾಲದಲ್ಲಿ ಮಗು ಏನನ್ನು ಕುಡಿಯಿತು, ಏನನ್ನು ಉಂಡಿತು, ಯಾವ ಕಾಯಿಲೆಯಿಂದ ನರಳಿತು ಎಂಬುದು ಅದರ ಮೇಲೆ ಅಳಿಸಲಾಗದಂತೆ ದಾಖಲಾಗುತ್ತದೆ. ಈ ಒಂದು ಸಂಗತಿಯನ್ನು ತಂದೆತಾಯಿಗಳು ಮುಂಚಿತವಾಗಿ ಅರಿತರೆ ಅನೇಕ ಮಕ್ಕಳ ಹಲ್ಲುಗಳನ್ನು ಉಳಿಸಬಹುದು. ಆದ್ದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ದೇಹದ ಅತ್ಯಂತ ಗಟ್ಟಿಯಾದ ವಸ್ತು

ಹಲ್ಲಿನ ಕಾಣುವ ಭಾಗವನ್ನು ಹೊದಿಕೆಯಂತೆ ಆವರಿಸಿರುವ, ಹೊಳಪುಳ್ಳ ಪದರಕ್ಕೆ ದಂತಕವಚ ಎಂದು ಹೆಸರು. ಎನಾಮೆಲ್ ಎಂಬ ಹೆಸರಿನಿಂದಲೂ ತಮಗೆ ಇದು ಪರಿಚಿತವಾಗಿರಬಹುದು. ಮಾನವ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ತೂಕದಲ್ಲಿ ಇದರ ಶೇಕಡಾ 96ರಷ್ಟು ಭಾಗ ಖನಿಜ. ಉಳಿದದ್ದು ನೀರು ಮತ್ತು ಅತ್ಯಲ್ಪ ಪ್ರಮಾಣದ ಸಾವಯವ ಪದಾರ್ಥ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳು ಸೇರಿ ಆದ ಈ ಖನಿಜಕ್ಕೆ ಹೈಡ್ರಾಕ್ಸಿ ಅಪಟೈಟ್ ಎನ್ನುತ್ತಾರೆ. ದವಡೆ ಹಲ್ಲಿನ ತುದಿಯಲ್ಲಿ ಕವಚದ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಬುಡದ ಕಡೆಗೆ ಬಂದಂತೆ ಅದು ತೆಳುವಾಗುತ್ತಾ ಹೋಗುತ್ತದೆ.

ಮೂಳೆಯೂ ಖನಿಜದಿಂದಲೇ ಆದದ್ದು. ಆದರೆ ಮೂಳೆಗೂ ದಂತಕವಚಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಮೂಳೆಯೊಳಗೆ ಜೀವಕೋಶಗಳಿವೆ, ಮುರಿದರೆ ಅದು ಕೂಡಿಕೊಳ್ಳುತ್ತದೆ. ದಂತಕವಚದಲ್ಲಿ ಜೀವಕೋಶಗಳಿಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಒಸಡನ್ನು ಸೀಳಿ ಹೊರಬರುವ ವೇಳೆಗೆ ನಾಶವಾಗಿರುತ್ತವೆ. ಮನೆ ಕಟ್ಟಿದ ಮೇಸ್ತ್ರಿಗಳು ಕೆಲಸ ಮುಗಿಸಿ ಊರು ಬಿಟ್ಟು ಹೋದಂತೆ! ಗೋಡೆಯಲ್ಲಿ ಬಿರುಕಿದ್ದರೆ ಸರಿಪಡಿಸಲು ಅವರನ್ನು ಮತ್ತೆ ಕರೆಸುವಂತಿಲ್ಲ.

ಕವಚವನ್ನು ನೇಯುವ ಕೋಶಗಳು

ತಾಯಿಯ ಗರ್ಭದಲ್ಲಿ ಶಿಶುವಿಗೆ ಆರು ವಾರ ತುಂಬುವಷ್ಟರಲ್ಲಿಯೇ ಹಲ್ಲುಗಳ ಮೊಳಕೆಗೆ ಸಿದ್ಧತೆ ಆರಂಭವಾಗುತ್ತದೆ. ಬಾಯಿಯ ಒಳಚರ್ಮವು ದವಡೆಯೊಳಕ್ಕೆ ಮಡಚಿಕೊಂಡು ಮೊಗ್ಗಿನಂತಹ ರಚನೆಗಳನ್ನು ಮಾಡುತ್ತದೆ. ಈ ಮೊಗ್ಗು ಕ್ರಮೇಣ ಟೊಪ್ಪಿಗೆಯ ಆಕಾರವನ್ನೂ ನಂತರ ಗಂಟೆಯ ಆಕಾರವನ್ನೂ ತಾಳುತ್ತದೆ. ಗಂಟೆಯ ಒಳಮೈಯಲ್ಲಿ ಸಾಲಾಗಿ ನಿಂತ ಉದ್ದನೆಯ ಕೋಶಗಳೇ ದಂತಕವಚದ ನಿರ್ಮಾಪಕರು. ಇವುಗಳಿಗೆ ಅಮಿಲೋಬ್ಲಾಸ್ಟ್ ಎಂದು ಹೆಸರು. ಇವುಗಳ ಎದುರಿಗಿರುವ ಮತ್ತೊಂದು ಸಾಲಿನ ಕೋಶಗಳು ಮೊದಲು ಹಲ್ಲಿನ ಒಳಪದರವಾದ ಡೆಂಟೀನನ್ನು ರಚಿಸಲು ತೊಡಗುತ್ತವೆ. ಅದರ ಸೂಚನೆ ದೊರೆತ ಮೇಲೆ ಅಮಿಲೋಬ್ಲಾಸ್ಟ್‌ಗಳು ತಮ್ಮ ಕೆಲಸವನ್ನು ಕೈಗೆತ್ತಿಕೊಳ್ಳುತ್ತವೆ.

ಅವುಗಳ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಸ್ರವಿಸುವ ಹಂತ. ಪ್ರತಿಯೊಂದು ಕೋಶವೂ ಪ್ರೋಟೀನನ್ನು ಸ್ರವಿಸುತ್ತಾ ಹಿಂದೆ ಹಿಂದೆ ಸರಿಯುತ್ತದೆ. ಈ ಪ್ರೋಟೀನಿನ ಹೆಚ್ಚಿನ ಪಾಲು ಅಮಿಲೋಜೆನಿನ್ ಎಂಬುದು. ಅದರ ನಡುವೆ ಖನಿಜದ ಹರಳುಗಳು ಅತಿ ಸಣ್ಣ ಪಟ್ಟಿಗಳಂತೆ ಉದ್ದಕ್ಕೆ ಬೆಳೆಯುತ್ತವೆ. ಕೋಶವು ನಡೆದುಬಂದ ದಾರಿಯೇ ಹರಳುಗಳ ಒಂದು ಕಟ್ಟು ಆಗಿ ಉಳಿಯುತ್ತದೆ. ಇಂತಹ ಒಂದೊಂದು ಕಟ್ಟಿನ ದಪ್ಪ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು. ದಿನವೊಂದಕ್ಕೆ ಸೇರುವ ಪದರವು ಮಿಲಿಮೀಟರಿನ ಇನ್ನೂರೈವತ್ತನೆಯ ಒಂದು ಭಾಗದ ಆಸುಪಾಸು ಮಾತ್ರ. ಆದ್ದರಿಂದಲೇ ಒಂದು ಹಲ್ಲಿನ ಕವಚ ಪೂರ್ಣಗೊಳ್ಳಲು ತಿಂಗಳುಗಳಲ್ಲ, ವರ್ಷಗಳೇ ಹಿಡಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಿನದಿನದ ಈ ಬೆಳವಣಿಗೆಯು ಮರದ ಉಂಗುರಗಳಂತೆ ಗೆರೆಗಳಾಗಿ ಕಾಣುತ್ತದೆ. ಮಗು ಹುಟ್ಟಿದ ಗಳಿಗೆಯೂ ಹಾಲುಹಲ್ಲಿನಲ್ಲಿ ಒಂದು ವಿಶಿಷ್ಟ ಗೆರೆಯಾಗಿ ಉಳಿದಿರುತ್ತದೆ.

ಎರಡನೆಯದು ಪಕ್ವವಾಗುವ ಹಂತ. ಮೊದಲ ಹಂತ ಮುಗಿದಾಗ ಕವಚವು ಪೂರ್ಣ ದಪ್ಪವನ್ನು ಪಡೆದಿದ್ದರೂ ಮೆತುವಾಗಿರುತ್ತದೆ. ತೂಕದಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಖನಿಜ; ಉಳಿದದ್ದು ಪ್ರೋಟೀನು ಮತ್ತು ನೀರು. ಈಗ ಅದೇ ಕೋಶಗಳು ತಮ್ಮ ವೃತ್ತಿಯನ್ನೇ ಬದಲಾಯಿಸುತ್ತವೆ. ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಬಿಡುಗಡೆ ಮಾಡಿ, ತುಂಡಾದ ಪ್ರೋಟೀನನ್ನೂ ನೀರನ್ನೂ ಹೊರಕ್ಕೆ ಸಾಗಿಸಿ, ತೆರವಾದ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳನ್ನು ತುಂಬುತ್ತವೆ. ಉದ್ದವಾಗಿದ್ದ ಹರಳುಗಳು ಅಗಲವಾಗಿಯೂ ದಪ್ಪವಾಗಿಯೂ ಬೆಳೆದು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಹರಳು ಬೆಳೆಯುವಾಗ ಆಮ್ಲ ಉತ್ಪತ್ತಿಯಾಗುತ್ತದೆ. ಅದನ್ನು ಶಮನಗೊಳಿಸುವ ಕ್ಷಾರವನ್ನೂ ಈ ಕೋಶಗಳೇ ಒದಗಿಸುತ್ತವೆ. ಹೀಗೆ ಮೂರನೆಯ ಒಂದು ಭಾಗವಿದ್ದ ಖನಿಜಾಂಶವು ಶೇಕಡಾ 96ಕ್ಕೆ ಏರುತ್ತದೆ. ಇದನ್ನೇ ಖನಿಜೀಕರಣದ ಪೂರ್ಣತೆ ಎನ್ನುತ್ತೇವೆ. ಕವಚದಿಂದ ಪ್ರೋಟೀನು ಸಂಪೂರ್ಣವಾಗಿ ಹೊರಹೋಗದೆ ಉಳಿದರೆ ಆ ಜಾಗದಲ್ಲಿ ಖನಿಜ ತುಂಬುವುದಿಲ್ಲ. ಕವಚವು ರಂಧ್ರಮಯವಾಗಿ, ಸೀಮೆಸುಣ್ಣದಂತೆ ಮಂಕಾಗಿ ಉಳಿಯುತ್ತದೆ.

ನಾವು ವಾಸಿಸುತ್ತಿರುವ ಗುಜರಾತಿನ ಪಾಟಣ ಪಟ್ಟಣದ ಪಟೋಲಾ ಸೀರೆಗಳ ಖ್ಯಾತಿಯನ್ನು ತಾವೆಲ್ಲರೂ ಕೇಳಿದ್ದೀರಿ. ಆ ಸೀರೆಯಲ್ಲಿ ನೇಯ್ದ ಬಟ್ಟೆಗೆ ಬಣ್ಣ ಹಾಕುವುದಿಲ್ಲ. ಹಾಸು, ಹೊಕ್ಕು ಎರಡೂ ಎಳೆಗಳನ್ನು ಮೊದಲೇ ಲೆಕ್ಕಾಚಾರದಿಂದ ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ಮಗ್ಗಕ್ಕೇರಿಸುತ್ತಾರೆ. ಎಳೆಗೆ ಬಣ್ಣ ಹಾಕುವಾಗ ಆದ ತಪ್ಪು ಸೀರೆ ಮಗ್ಗದಿಂದ ಇಳಿದಾಗ ಕಾಣುತ್ತದೆ. ಆಗ ತಿದ್ದಲು ಬರುವುದಿಲ್ಲ. ದಂತಕವಚದ ಸ್ಥಿತಿಯೂ ಹೀಗೆಯೇ.

ಹಲ್ಲುಗಳ ಪಂಚಾಂಗ

ಹಾಗಾದರೆ ಯಾವ ಹಲ್ಲಿನ ಕವಚ ಯಾವಾಗ ಸಿದ್ಧವಾಗುತ್ತದೆ? ಹಾಲುಹಲ್ಲುಗಳ ಖನಿಜೀಕರಣವು ಗರ್ಭದ ಹದಿನಾಲ್ಕನೆಯ ವಾರದ ಸುಮಾರಿಗೆ ಮುಂಭಾಗದ ಬಾಚಿಹಲ್ಲುಗಳಿಂದ ಆರಂಭವಾಗುತ್ತದೆ. ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ ಇಪ್ಪತ್ತು ಹಾಲುಹಲ್ಲುಗಳ ಕವಚಗಳೂ ಮುಗಿದಿರುತ್ತವೆ.

ಶಾಶ್ವತ ಹಲ್ಲುಗಳ ಪೈಕಿ ಮೊದಲು ಆರಂಭವಾಗುವುದು ಆರನೆಯ ವಯಸ್ಸಿನಲ್ಲಿ ಮೂಡುವ ಮೊದಲ ದವಡೆಹಲ್ಲು. ಅದರ ಖನಿಜೀಕರಣ ಮಗು ಹುಟ್ಟುವ ಸಮಯದಲ್ಲಿ ಆರಂಭವಾಗಿ ಮೂರನೆಯ ವರ್ಷದ ಒಳಗೆ ಮುಗಿಯುತ್ತದೆ. ನಡುವಿನ ಬಾಚಿಹಲ್ಲುಗಳದು ಮೂರು ನಾಲ್ಕು ತಿಂಗಳ ಶಿಶುವಿನಲ್ಲಿ ಆರಂಭವಾಗಿ ನಾಲ್ಕೈದನೆಯ ವರ್ಷದಲ್ಲಿ ಪೂರ್ಣವಾಗುತ್ತದೆ. ಕೋರೆಹಲ್ಲು ನಾಲ್ಕೈದು ತಿಂಗಳಲ್ಲಿ, ಕೋರೆಯ ಹಿಂದಿನ ಕಿರುದವಡೆ ಹಲ್ಲುಗಳು ಎರಡು ವರ್ಷದ ಆಸುಪಾಸಿನಲ್ಲಿ, ಎರಡನೆಯ ದವಡೆಹಲ್ಲು ಎರಡೂವರೆ ಮೂರು ವರ್ಷದಲ್ಲಿ ಆರಂಭವಾಗುತ್ತವೆ. ಎಂಟು ವರ್ಷ ತುಂಬುವ ಹೊತ್ತಿಗೆ, ಬುದ್ಧಿಹಲ್ಲುಗಳನ್ನು ಬಿಟ್ಟರೆ, ಎಲ್ಲ ಶಾಶ್ವತ ಹಲ್ಲುಗಳ ಕವಚ ಸಿದ್ಧವಾಗಿರುತ್ತದೆ.

ಈ ಪಂಚಾಂಗದಿಂದ ಒಂದು ತೀರ್ಮಾನ ತಾನಾಗಿಯೇ ಹೊರಡುತ್ತದೆ. ನಗುವಾಗ ಕಾಣುವ ಮುಂಭಾಗದ ಹಲ್ಲುಗಳ ಗುಣ ನಿರ್ಧಾರವಾಗುವುದು ಮಗು ತೊಟ್ಟಿಲಲ್ಲಿರುವಾಗಿನಿಂದ ಅಂಗನವಾಡಿಗೆ ಹೋಗುವವರೆಗೆ. ಅದರಲ್ಲಿಯೂ ಮೇಲಿನ ಬಾಚಿಹಲ್ಲುಗಳಿಗೆ ಒಂದರಿಂದ ಮೂರನೆಯ ವರ್ಷದವರೆಗಿನ ಅವಧಿ ಅತ್ಯಂತ ಸೂಕ್ಷ್ಮವಾದುದು.

ಕವಚ ಕೆಡುವ ಬಗೆಗಳು

ಅಮಿಲೋಬ್ಲಾಸ್ಟ್ ಬಹಳ ಸೂಕ್ಷ್ಮವಾದ ಕೋಶ. ತೀವ್ರವಾದ ಜ್ವರ, ಅಪೌಷ್ಟಿಕತೆ, ಡಿ ಜೀವಸತ್ವದ ಕೊರತೆ, ಅವಧಿಗೆ ಮುನ್ನ ಜನನ ಮುಂತಾದ ಕಾರಣಗಳಿಂದ ಅದರ ಕೆಲಸಕ್ಕೆ ಭಂಗ ಬರಬಹುದು. ಆಗ ಆ ದಿನಗಳಲ್ಲಿ ರೂಪುಗೊಳ್ಳುತ್ತಿದ್ದ ಪಟ್ಟಿಯಲ್ಲಿ ಕವಚವು ತೆಳುವಾಗಿಯೋ ಕುಳಿಬಿದ್ದೋ ಉಳಿಯುತ್ತದೆ. ಟೆಟ್ರಾಸೈಕ್ಲಿನ್ ಎಂಬ ಜೀವಿರೋಧಕ ಔಷಧಿಯು ಕ್ಯಾಲ್ಸಿಯಂ ಜೊತೆ ಬೆರೆತು ಬೆಳೆಯುವ ಹಲ್ಲಿನಲ್ಲಿ ಶಾಶ್ವತವಾದ ಹಳದಿ ಅಥವಾ ಬೂದು ಬಣ್ಣವನ್ನು ಉಂಟುಮಾಡುತ್ತದೆ. ಆದ್ದರಿಂದ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ವೈದ್ಯರು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ.

ಮೊದಲ ದವಡೆಹಲ್ಲು ಮತ್ತು ಬಾಚಿಹಲ್ಲುಗಳಲ್ಲಿ ಮಾತ್ರ ಕವಚ ಮೃದುವಾಗಿ, ಪುಡಿಯಾಗುವಂತಹ ಒಂದು ದೋಷಕ್ಕೆ ತಜ್ಞರು 2001ರಲ್ಲಿ ಪ್ರತ್ಯೇಕ ಹೆಸರನ್ನು ಕೊಟ್ಟರು. ಗುಜರಾತಿನ ರಾಜಧಾನಿ ಗಾಂಧಿನಗರದ ಮಕ್ಕಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಕ್ಕಳಲ್ಲಿ ಈ ದೋಷ ಕಂಡುಬಂದಿತು. ಹುಟ್ಟಿದಾಗಿನಿಂದ ಮೂರು ವರ್ಷದವರೆಗಿನ ಕಾಯಿಲೆಗಳಿಗೂ ಇದಕ್ಕೂ ಸಂಬಂಧವಿದೆಯೆಂದು ಭಾವಿಸಲಾಗಿದೆ.

ಆದರೆ ನಮ್ಮ ದೇಶದಲ್ಲಿ ಊರಿಗೆ ಊರೇ ಒಂದೇ ಬಗೆಯ ಕಲೆಯುಳ್ಳ ಹಲ್ಲುಗಳನ್ನು ಹೊಂದಿರುವುದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಕುಡಿಯುವ ನೀರಿನಲ್ಲಿರುವ ಅಧಿಕ ಫ್ಲೋರೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯಲ್ಲಿ ವ್ಯತ್ಯಾಸ ತೋರದ ಈ ಲವಣಾಂಶವು ಪಕ್ವವಾಗುವ ಹಂತದಲ್ಲಿರುವ ಕವಚದ ಮೇಲೆ ಪರಿಣಾಮ ಬೀರುತ್ತದೆ. ಪ್ರೋಟೀನು ಹೊರಹೋಗುವುದು ತಡವಾಗುತ್ತದೆ, ಖನಿಜ ಪೂರ್ತಿಯಾಗಿ ತುಂಬುವುದಿಲ್ಲ. ಹಲ್ಲು ಮೂಡಿದಾಗ ಬಿಳಿ ಗೆರೆಗಳೋ ಮಚ್ಚೆಗಳೋ ಕಾಣುತ್ತವೆ. ರಂಧ್ರಮಯವಾದ ಆ ಭಾಗವು ಮುಂದೆ ಆಹಾರ ಪಾನೀಯಗಳ ಬಣ್ಣವನ್ನು ಹೀರಿ ಕಂದಾಗುತ್ತದೆ. ತೀವ್ರವಾದಾಗ ಕವಚ ಕುಳಿಬಿದ್ದು ಚೂರಾಗುತ್ತದೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಒಂದೇ ಕಾಲದಲ್ಲಿ ರೂಪುಗೊಂಡ ಎಡ ಮತ್ತು ಬಲದ ಹಲ್ಲುಗಳಲ್ಲಿ ಜೋಡಿಯಾಗಿ ಕಾಣಿಸಿಕೊಳ್ಳುವುದು ಇದರ ಲಕ್ಷಣ.

ಈ ಸಂಬಂಧ ಪತ್ತೆಯಾಗಲು ಬಹುಕಾಲ ಹಿಡಿಯಿತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿಯ ಜನರ ಹಲ್ಲಿನ ಕಂದುಕಲೆಯನ್ನು ಗಮನಿಸಿ ದಶಕಗಳ ಕಾಲ ಅಭ್ಯಸಿಸಿದರು. ನೀರಿನಲ್ಲಿರುವ ಫ್ಲೋರೈಡೇ ಕಾರಣವೆಂಬುದು 1931ರಲ್ಲಿ ಸ್ಪಷ್ಟವಾಯಿತು. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಗುಜರಾತಿನ ನೆಲ, ಗುಜರಾತಿನ ನೀರು

ಈಗ ನಾವಿರುವ ಪ್ರದೇಶಕ್ಕೆ ಬರೋಣ. ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ನಗರಗಳು ನೀರಿನ ವಿಷಯದಲ್ಲಿ ಬಹುಮಟ್ಟಿಗೆ ಅದೃಷ್ಟಶಾಲಿಗಳು. ಸೂರತ್‌ಗೆ ತಾಪಿ ನದಿಯಿದೆ. ವಡೋದರಾಕ್ಕೆ ಮಹೀ ನದಿಯ ಪಾತ್ರದಲ್ಲಿ ತೋಡಿದ ಬಾವಿಗಳೂ, ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಆಜ್ವಾ ಸರೋವರವೂ ಇವೆ. ಅಹಮದಾಬಾದಿಗೆ 2000ದ ನಂತರದ ವರ್ಷಗಳಲ್ಲಿ ನರ್ಮದೆಯ ನೀರು ಹರಿದು ಬಂದಿದೆ. ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ.

ಆದರೆ ಅಹಮದಾಬಾದಿನಿಂದ ಉತ್ತರಕ್ಕೆ ಹೊರಟರೆ ಚಿತ್ರ ಬದಲಾಗುತ್ತದೆ. ಮೆಹ್ಸಾಣಾ, ಪಾಟಣ, ಬನಾಸ್‌ಕಾಂಠಾ ಜಿಲ್ಲೆಗಳಲ್ಲಿ ಮಳೆ ಕಡಿಮೆ. ಬೇಸಾಯಕ್ಕಾಗಿ ಅಂತರ್ಜಲವನ್ನು ಮೇಲೆತ್ತುತ್ತಾ ಬಂದುದರಿಂದ ಕೊಳವೆಬಾವಿಗಳು ನೂರಾರು ಮೀಟರ್ ಆಳಕ್ಕೆ ಇಳಿದಿವೆ. ಅರಾವಳಿಯ ಗ್ರಾನೈಟ್ ಮುಂತಾದ ಶಿಲೆಗಳಲ್ಲಿ ಫ್ಲೋರೈಡ್‌ಯುಕ್ತ ಖನಿಜಗಳಿವೆ. ಅವು ಸವೆದು ಬಂದ ಮಣ್ಣಿನ ಪದರಗಳಲ್ಲಿ ದೀರ್ಘಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಪ್ರದೇಶದ ಅಧಿಕ ಫ್ಲೋರೈಡಿನ ಮೂಲವನ್ನು ಶೋಧಿಸಿದರು. ಆಳದ ನೀರಿನ ಒಂದು ಪಾಲು ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಶುಷ್ಕಯುಗದಲ್ಲಿ ನೆಲಕ್ಕಿಳಿದದ್ದು, ಆ ಕಾಲದ ಒಣಹವೆಗೂ ಫ್ಲೋರೈಡಿನ ಹೆಚ್ಚಳಕ್ಕೂ ಸಂಬಂಧವಿದೆ ಎಂಬುದು ಅವರ ಅಭಿಪ್ರಾಯ. ಯಾವುದೋ ಯುಗದ ಮಳೆನೀರು ಇಂದು ಎರಡು ವರ್ಷದ ಮಗುವಿನ ಲೋಟಕ್ಕೆ ಬಂದು ಬೀಳುತ್ತಿದೆ!

ವಡೋದರಾದ ಪೂರ್ವಕ್ಕೆ, 2013ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಛೋಟಾ ಉದೇಪುರದಲ್ಲಿ, ಅಂಬಾಡುಂಗರ್ ಎಂಬ ಬೆಟ್ಟವಿದೆ. ದೇಶದ ಪ್ರಮುಖ ಫ್ಲೋರ್‌ಸ್ಪಾರ್ ನಿಕ್ಷೇಪಗಳಲ್ಲಿ ಅದೂ ಒಂದು. ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಸೇರಿದ ಈ ಅದಿರು ಕೈಗಾರಿಕೆಗಳಿಗೆ ಬೇಕಾದದ್ದು. ನೆಲದೊಳಗೆ ಫ್ಲೋರೈಡ್ ಇರುವುದು ಪ್ರಕೃತಿಯ ಸಹಜ ಸಂಗತಿಯೆಂಬುದಕ್ಕೆ ಈ ಬೆಟ್ಟವೇ ಸಾಕ್ಷಿ. ಅದು ಯಾರ ಅಪರಾಧವೂ ಅಲ್ಲ. ಅದರ ಅರಿವಿಲ್ಲದೆ ಮಕ್ಕಳಿಗೆ ನೀರು ಕುಡಿಸುವುದರಿಂದ ತೊಂದರೆ ಬರುತ್ತದೆ.

ನಗರದಲ್ಲಿರುವ ನಮಗೆ ಈ ವಿಷಯ ಏಕೆ ಬೇಕು ಎಂದು ತಾವು ಕೇಳಬಹುದು. ಎರಡು ಕಾರಣಗಳಿವೆ. ನಗರಗಳು ಬೆಳೆದಂತೆ ಹೊರವಲಯದ ಅನೇಕ ಬಡಾವಣೆಗಳು ಸ್ವಂತ ಕೊಳವೆಬಾವಿಯ ನೀರನ್ನೇ ನಂಬಿರುತ್ತವೆ; ಅದನ್ನು ಪರೀಕ್ಷಿಸಿ ನೋಡಿದವರು ವಿರಳ. ಎರಡನೆಯದಾಗಿ, ನಮ್ಮಲ್ಲಿ ಅನೇಕರು ವರ್ಗಾವಣೆಯ ನೌಕರಿಯವರು, ವ್ಯಾಪಾರ, ಹೋಟೆಲು ಉದ್ಯಮದವರು. ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ; ಮಗು ಒಂದೆರಡು ವರ್ಷ ಅಜ್ಜಿಯ ಮನೆಯಲ್ಲಿ ಬೆಳೆಯುತ್ತದೆ. ಆ ತವರು ಪಾವಗಡವೋ ಬಾಗೇಪಲ್ಲಿಯೋ ಮುಂಡರಗಿಯೋ ಆಗಿದ್ದರೆ ಅಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿಯೂ ಫ್ಲೋರೈಡ್ ಅಧಿಕವಾಗಿದೆ. ಮಗು ಸೂರತ್‌ಗೆ ಮರಳಿ ತಾಪಿಯ ನೀರು ಕುಡಿದರೂ ಆ ಎರಡು ವರ್ಷಗಳಲ್ಲಿ ಸಿದ್ಧವಾದ ಕವಚ ಬದಲಾಗುವುದಿಲ್ಲ. ಬಾಲ್ಯದ ನೀರು ಮತ್ತು ಆಹಾರದ ಗುರುತು ದಂತಕವಚದಲ್ಲಿ ಎಷ್ಟು ಖಚಿತವಾಗಿ ಉಳಿಯುತ್ತದೆಂದರೆ, ಪುರಾತತ್ವಜ್ಞರು ಸಾವಿರಾರು ವರ್ಷ ಹಳೆಯ ಹಲ್ಲಿನ ಸ್ಟ್ರಾಂಷಿಯಂ ಅಂಶವನ್ನು ಪರೀಕ್ಷಿಸಿ ಆ ವ್ಯಕ್ತಿ ಬೆಳೆದದ್ದು ಬೇರೆ ನೆಲದಲ್ಲೋ ಅಲ್ಲವೋ ಎಂಬುದನ್ನು ಗುರುತಿಸುತ್ತಾರೆ.

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ನೀರನ್ನು ಪರೀಕ್ಷಿಸಿರಿ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಯಿತು. ಹಳ್ಳಿಗಳಲ್ಲಿ ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಬಳಕೆಯಲ್ಲಿ ತರಬೇತಿ ನೀಡುವ ಏರ್ಪಾಡನ್ನೂ ಮಾಡಲಾಯಿತು. ಮನೆಗೆ ಹೊಸ ಸೊಸೆ ಬಂದಾಗಲೋ ಗರ್ಭಧಾರಣೆಯ ಸುದ್ದಿ ತಿಳಿದಾಗಲೋ ಈ ಪರೀಕ್ಷೆಯಾಗಬೇಕು. ಹಲ್ಲಿನಲ್ಲಿ ಕಲೆ ಕಂಡ ಮೇಲೆ ಮಾಡಿದ ಪರೀಕ್ಷೆಯಿಂದ ಆ ಮಗುವಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅದರ ತಮ್ಮ ತಂಗಿಯರಿಗೆ ಪ್ರಯೋಜನವಾಗಬಹುದು.

ಎರಡನೆಯದಾಗಿ, ಶಿಶುವಿಗೆ ತಾಯಿಯ ಹಾಲನ್ನೇ ಉಣಿಸಿರಿ. ತಾಯಿ ಅಧಿಕ ಫ್ಲೋರೈಡಿನ ನೀರು ಕುಡಿಯುತ್ತಿದ್ದರೂ ಎದೆಹಾಲಿಗೆ ಇಳಿಯುವ ಪ್ರಮಾಣ ಅತ್ಯಲ್ಪ. ಅದೇ ನೀರಿನಲ್ಲಿ ಕಲಸಿದ ಡಬ್ಬಿಹಾಲಿನಿಂದ ಶಿಶುವಿನ ದೇಹಕ್ಕೆ ಹೆಚ್ಚು ಫ್ಲೋರೈಡ್ ಸೇರುತ್ತದೆ.

ಮೂರನೆಯದಾಗಿ, ಒಂದು ತಪ್ಪು ತಿಳುವಳಿಕೆಯನ್ನು ಬಿಡಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಸಾಮಾನ್ಯ ಮೇಣದಬತ್ತಿ ಫಿಲ್ಟರಿನಿಂದಲೂ ಕ್ಲೋರಿನ್‌ನಿಂದಲೂ ಇದು ನಿವಾರಣೆಯಾಗದು. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಬಳಸುವ ನಲಗೊಂಡ ವಿಧಾನ, ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಶೋಧಕ, ಆರ್‌ಓ ಯಂತ್ರ ಇವುಗಳಿಂದ ಫ್ಲೋರೈಡನ್ನು ಕಡಿಮೆ ಮಾಡಬಹುದು. ನಾಗಪುರದ ರಾಷ್ಟ್ರೀಯ ಪರಿಸರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ನಲಗೊಂಡ ವಿಧಾನವನ್ನು ರೂಪಿಸಿತು. ಯಾವುದನ್ನು ಬಳಸಿದರೂ ಕಾಲಕಾಲಕ್ಕೆ ನಿರ್ವಹಣೆ ಅಗತ್ಯ.

ಎಲ್ಲಕ್ಕಿಂತ ಸರಳವಾದದ್ದು ಮಳೆನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಅಹಮದಾಬಾದಿನ ಪೋಳ್ ಎಂಬ ಕೇರಿಗಳ ಮನೆಗಳಲ್ಲಿ ಅಂಗಳದ ಕೆಳಗೆ ಟಾಂಕಾ ಎಂಬ ನೀರಿನ ತೊಟ್ಟಿಯಿರುವುದನ್ನು ತಾವು ನೋಡಿರಬಹುದು. ಮಾಡಿನ ಮೇಲೆ ಬಿದ್ದ ಮಳೆಯನ್ನು ಹಿಡಿದು ವರ್ಷವಿಡೀ ಕುಡಿಯಲು ಬಳಸುತ್ತಿದ್ದ ಆ ಹಿರಿಯರ ಜಾಣ್ಮೆ ಇಂದಿಗೂ ಅನುಕರಣೀಯ. ಇಡೀ ಮನೆಗೆ ಸಾಲದಿದ್ದರೂ ಎಂಟು ವರ್ಷದೊಳಗಿನ ಮಕ್ಕಳ ಕುಡಿಯುವ ನೀರಿಗೆ ಮತ್ತು ಅಡುಗೆಗೆ ಅದನ್ನು ಮೀಸಲಿಡಬಹುದು.

ನಾಲ್ಕನೆಯದಾಗಿ, ಚಹಾ. ಚಹಾ ಎಲೆಯಲ್ಲಿ ಸ್ವಾಭಾವಿಕವಾಗಿಯೇ ಫ್ಲೋರೈಡ್ ಅಧಿಕ. ಚಿಕ್ಕ ಮಕ್ಕಳಿಗೆ ಬಟ್ಟಲಿನಲ್ಲಿ ಚಹಾ ಕೊಡುವ ಪದ್ಧತಿ ಗುಜರಾತಿನಲ್ಲಿಯೂ ಇದೆ, ನಮ್ಮ ಉತ್ತರ ಕರ್ನಾಟಕದಲ್ಲಿಯೂ ಇದೆ. ಅದರ ಬದಲು ಹಾಲು, ಮಜ್ಜಿಗೆ ಕೊಡಿರಿ; ರಾಗಿ, ಸೊಪ್ಪು, ನೆಲ್ಲಿಕಾಯಿಗಳೂ ಊಟದಲ್ಲಿರಲಿ. ಕ್ಯಾಲ್ಸಿಯಂ ಸಮೃದ್ಧವಾಗಿರುವ ಆಹಾರವು ಫ್ಲೋರೈಡ್ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ.

ಫ್ಲೋರೈಡ್ ಶತ್ರುವೂ ಹೌದು, ಮಿತ್ರವೂ ಹೌದು

ಇಷ್ಟನ್ನು ಕೇಳಿದ ಮೇಲೆ ಫ್ಲೋರೈಡ್ ಇರುವ ಟೂತ್‌ಪೇಸ್ಟನ್ನೇ ಮನೆಯಿಂದ ಹೊರಗೆಸೆಯಬೇಕೆಂದು ತಾವು ಭಾವಿಸಬಾರದು. ಹಲ್ಲು ಮೂಡಿದ ಮೇಲೆ ಹೊರಗಿನಿಂದ ತಗಲುವ ಅಲ್ಪ ಪ್ರಮಾಣದ ಫ್ಲೋರೈಡ್ ಕವಚದ ಮಿತ್ರ. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಾಣುಗಳು ಆಮ್ಲವನ್ನು ಉತ್ಪಾದಿಸಿ ಖನಿಜವನ್ನು ಕರಗಿಸುತ್ತವೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳು ಅದನ್ನು ಮತ್ತೆ ತುಂಬುತ್ತವೆ. ಈ ಮರುಪೂರಣಕ್ಕೆ ಫ್ಲೋರೈಡ್ ಸಹಾಯ ಮಾಡುತ್ತದೆ ಮತ್ತು ಕವಚವು ಆಮ್ಲಕ್ಕೆ ಸುಲಭವಾಗಿ ಕರಗದಂತೆ ಮಾಡುತ್ತದೆ. ಅದನ್ನು ನುಂಗಬಾರದು, ಅಷ್ಟೇ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ನಂತರ ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಿರುವ ಊರಿನವರು ಪೇಸ್ಟಿನ ಬಗ್ಗೆ ದಂತವೈದ್ಯರ ಸಲಹೆ ಪಡೆಯಬೇಕು.

ಕಲೆಯಿರುವ ಮಕ್ಕಳ ಬಗ್ಗೆ ಒಂದು ಮಾತು

ಈಗಾಗಲೇ ಹಲ್ಲಿನಲ್ಲಿ ಕಲೆಯಿರುವ ಮಕ್ಕಳೂ ಯುವಕ ಯುವತಿಯರೂ ನಮ್ಮ ನಡುವೆ ಇದ್ದಾರೆ. ಕೈ ಅಡ್ಡವಿಟ್ಟು ನಗುವ ಹುಡುಗಿಯರನ್ನು ತಾವು ಕಂಡಿರಬಹುದು. ಅವರ ಕಲೆ ಕೊಳಕಿನ ಗುರುತಲ್ಲ, ಅಂಟುರೋಗವಲ್ಲ, ಸೋಮಾರಿತನದ ಫಲವಲ್ಲ. ಹೆಣ್ಣು ನೋಡಲು ಹೋದಾಗ ಇಂತಹ ಮಾತುಗಳನ್ನು ಆಡುವವರು, ಆ ಕಲೆ ಆಕೆಗೆ ಬುದ್ಧಿ ತಿಳಿಯುವ ಮೊದಲೇ ಆದದ್ದು ಎಂಬುದನ್ನು ನೆನಪಿಡಬೇಕು. ಇಟ್ಟಿಗೆ ಪುಡಿ, ಇದ್ದಿಲು, ನಿಂಬೆರಸಗಳಿಂದ ತಿಕ್ಕಿ ಕಲೆಯನ್ನು ತೆಗೆಯಲು ಯತ್ನಿಸಿದರೆ ಉಳಿದ ಕವಚವೂ ಸವೆದುಹೋಗುತ್ತದೆ. ಕಲೆಯ ತೀವ್ರತೆಗೆ ಅನುಗುಣವಾಗಿ ಮೇಲ್ಪದರವನ್ನು ಅತ್ಯಲ್ಪವಾಗಿ ಹೆರೆಯುವ, ಹಲ್ಲಿನ ಬಣ್ಣದ ಲೇಪವನ್ನು ಹಚ್ಚುವ ಚಿಕಿತ್ಸೆಗಳು ಇಂದು ಲಭ್ಯ. ಅಹಮದಾಬಾದಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ಸಾರ್ವಜನಿಕ ಸಂಸ್ಥೆಗಳಲ್ಲಿ ಸಲಹೆ ಪಡೆಯಬಹುದು.

ಹಲ್ಲಿನ ಕಲೆ ಊರಿಗೆ ಒಂದು ಎಚ್ಚರಿಕೆಯ ಗಂಟೆಯೂ ಹೌದು. ಅಧಿಕ ಫ್ಲೋರೈಡಿನ ನೀರನ್ನು ದೀರ್ಘಕಾಲ ಕುಡಿದರೆ ಮೂಳೆ ಮತ್ತು ಕೀಲುಗಳೂ ಬಿಗಿದು, ಬೆನ್ನು ಬಾಗಿ, ದುಡಿಯುವ ಶಕ್ತಿ ಕುಂದುತ್ತದೆ. ಶಾಲೆಯ ಮಕ್ಕಳ ಹಲ್ಲುಗಳನ್ನು ನೋಡಿದರೆ ಆ ಊರಿನ ನೀರಿನ ಸ್ಥಿತಿ ತಿಳಿಯುತ್ತದೆ. ಕೇಂದ್ರ ಸರ್ಕಾರವು 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದಾಗ ಮೊದಲಿಗೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಗುಜರಾತಿನ ಜಾಮ್‌ನಗರವೂ ಒಂದಾಗಿತ್ತು. ಸರ್ಕಾರದ ಯೋಜನೆಗಳು ಫಲಿಸಬೇಕಾದರೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಎಲ್ಲಕ್ಕಿಂತ ಹೆಚ್ಚಾಗಿ ತಂದೆತಾಯಿಗಳು ಈ ವಿಷಯವನ್ನು ತಿಳಿದಿರಬೇಕು.

ಬಂಧುಗಳೇ, ಆರಂಭದಲ್ಲಿ ಹೇಳಿದ ಆ ತಾಯಿಯ ಪ್ರಶ್ನೆಗೆ ಮರಳುತ್ತೇನೆ. "ನಾನು ಎಲ್ಲಿ ತಪ್ಪಿದೆ?" ಎಂದು ಕೇಳಿದ ಆಕೆ ತಪ್ಪು ಮಾಡಿರಲಿಲ್ಲ. ಆಕೆಗೆ ಸಕಾಲದಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೇ. ತಮ್ಮ ಮನೆಯಲ್ಲಿ, ನೆರೆಯಲ್ಲಿ, ಊರಿನಲ್ಲಿ ತೊಟ್ಟಿಲು ತೂಗುತ್ತಿರುವ ತಾಯಂದಿರಿಗೆ ಇಂದು ಕೇಳಿದುದನ್ನು ತಿಳಿಸಿರಿ. ಹಲ್ಲಿಲ್ಲದ ಬೊಚ್ಚುಬಾಯಿಯಲ್ಲಿ ನಗುತ್ತಿರುವ ಆ ಕೂಸಿನ ದವಡೆಯೊಳಗೆ, ಮುಂದೆ ಅದು ಜೀವನವಿಡೀ ಬಳಸಬೇಕಾದ ಹಲ್ಲುಗಳು ಈಗಲೇ ಸಿದ್ಧವಾಗುತ್ತಿವೆ. ಅವಕ್ಕೆ ಒಳ್ಳೆಯ ನೀರು ದೊರೆಯುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.